ಮಾಗಿಯಲ್ಲಿ ಸುರಿದ ಮಳೆ

ಅರೆ ಒಣಗಿದ ಕಾಫಿ ಹಣ್ಣು ಮಳೆಗೆ ಸಿಕ್ಕಿ ನೆನೆದರೆ ಅದರಿಂದ ಏಳುವ ವಾಸನೆ ಎಂಥದ್ದೆಂದು ಕಾಫಿ ಕುಡಿಯುವವರಿಗೆ ಗೊತ್ತಿರುವುದಿಲ್ಲ. ಮೊದಲ ದಿನ ಅದು ಹಳಸಿದ ಪಾನಕದ ಹಾಗಿರುತ್ತದೆ. ಎರಡನೆಯ ದಿನ ಹುಳಿ ಹೆಂಡ. ಮೂರನೆಯ ದಿನಕ್ಕೆ ಬೂಷ್ಟು ಹಿಡಿದು, ಒದ್ದೆ ಬಟ್ಟೆಯನ್ನು ವಾರಗಟ್ಟಲೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಹಾಗೆ. ಈ ಸಲದ ಜನವರಿಯಲ್ಲಿ ಬಣಕಲ್ಲಿನಿಂದ ಮೂಡಿಗೆರೆಗೆ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಹಿಂದಿನ ಎರಡು ದಿನ ಅಕಾಲದ ಮಳೆ ಬಿದ್ದಿತ್ತು. ರಸ್ತೆಯ ಪಕ್ಕದ ಕಣದಲ್ಲಿ ನಾಲ್ಕೈದು ಜನ ಹೆಂಗಸರು ಕಪ್ಪಾದ ಹಣ್ಣನ್ನು ಹರಡುತ್ತಿದ್ದರು. ನನ್ನ ಮುಂದಿನ ಸೀಟಿನಲ್ಲಿದ್ದವನ ಮೊಬೈಲಿನಲ್ಲಿ ದೆಹಲಿಯ ಮಂಜು, ಕಾಶ್ಮೀರದ ಹಿಮ, ನಿಂತಲ್ಲೇ ನಿಂತ ರೈಲುಗಳು ಒಂದಾದ ಮೇಲೊಂದು ಓಡುತ್ತಿದ್ದವು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಕಾಲೇಜಿನ ಹುಡುಗಿ ನನಗೆ ಬಸ್ಸು ಆಗುವುದಿಲ್ಲವೆಂದು ತಿಳಿದು ಬ್ಯಾಗಿನಿಂದ ನಿಂಬೆಹಣ್ಣು ತೆಗೆದುಕೊಟ್ಟಳು. ಪಾಪ, ಒಳ್ಳೆಯ ಹುಡುಗಿ. ಅವಳಿಗೆ ಏನೆಂದು ಹೇಳಲಿ? ನನ್ನ ಹನ್ನೊಂದನೆಯ ವಯಸ್ಸಿನ ಜನವರಿಯೊಂದು ಆ ಕಿಟಕಿಯಿಂದ ಒಳಗೆ ಬಂದು ನನ್ನ ಎದುರು ಕೂತಿತ್ತು.

ನಾನು ಹುಟ್ಟಿ ಬೆಳೆದದ್ದು ಬಣಕಲ್ಲಿಗೆ ಮೂರು ಮೈಲಿ ದೂರದ ಒಂದು ಕಾಫಿ ಎಸ್ಟೇಟಿನಲ್ಲಿ. ಸಾಹುಕಾರರ ಮನೆಯಲ್ಲಲ್ಲ, ಕೂಲಿ ಲೈನಿನಲ್ಲಿ. ಒಂದಕ್ಕೊಂದು ಅಂಟಿಕೊಂಡ ಎಂಟು ಮನೆಗಳ ಸಾಲು, ಎಲ್ಲಕ್ಕೂ ಒಂದೇ ಉದ್ದದ ಜಗಲಿ. ಕೊನೆಯ ಮನೆ ನಮ್ಮದು. ಅಪ್ಪ ಚಂದ್ರಪ್ಪ ಕಣದ ಮೇಸ್ತ್ರಿಯಾದ್ದರಿಂದ ಕಣಕ್ಕೆ ಹತ್ತಿರವಿರಲೆಂದು ಅದನ್ನು ಕೊಟ್ಟಿದ್ದರು. ಅಮ್ಮ ಹಣ್ಣು ಕೊಯ್ಯಲು ಹೋಗುತ್ತಿದ್ದಳು. ಅಜ್ಜಿ ಪುಟ್ಟಮ್ಮ, ಅಂದರೆ ಅಪ್ಪನ ತಾಯಿ, ಅರವತ್ತು ದಾಟಿದ್ದರೂ ಕಣದ ಕೆಲಸ ಬಿಟ್ಟಿರಲಿಲ್ಲ. ಉಮೇಶ ಚಿಕ್ಕಪ್ಪ ಅಪ್ಪನಿಗಿಂತ ಹನ್ನೆರಡು ವರ್ಷ ಚಿಕ್ಕವನು, ಲಾರಿ ಡ್ರೈವರು. ಮನೆಯೆಂದರೆ ಎರಡು ಕೋಣೆ ಮತ್ತು ಒಂದು ಅಡುಗೆ ಮೂಲೆ. ಆದರೂ ಸಂಜೆ ಅಜ್ಜಿ ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟುವಾಗ, ಅಮ್ಮ ಕಾಯಿಚಟ್ನಿ ರುಬ್ಬುವಾಗ, ಅಪ್ಪ ಕಾಲು ತೊಳೆದು ಬಂದು ಗೋಡೆಗೊರಗಿದಾಗ, ಅದಕ್ಕಿಂತ ದೊಡ್ಡ ಮನೆ ಯಾಕೆ ಬೇಕೆಂದು ನನಗೆ ತೋಚುತ್ತಿರಲಿಲ್ಲ. ಗೋಡೆಗಳಿಗೆ ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಅಮ್ಮ ಕೆಮ್ಮಣ್ಣು ಬಳಿಯುತ್ತಿದ್ದಳು. ಒರಗಿದರೆ ಬೆನ್ನಿಗೆಲ್ಲ ಕೆಂಪು. ಸ್ಕೂಲಿನಲ್ಲಿ ಲೈನಿನ ಮಕ್ಕಳನ್ನು ಬೆನ್ನು ನೋಡಿಯೇ ಗುರುತು ಹಿಡಿಯುತ್ತಿದ್ದರು.

ಅಪ್ಪನ ಕಣದ ಬಗ್ಗೆ ಹೇಳಬೇಕು. ಕಾಫಿ ಹಣ್ಣನ್ನು ಕೊಯ್ದು ತಂದು ಬಿಸಿಲಿನಲ್ಲಿ ಹರಡುವ ಜಾಗ ಅದು. ಹದಿನೈದು ದಿನ ಚೆನ್ನಾಗಿ ಬಿಸಿಲು ಕಂಡರೆ ಕೆಂಪು ಹಣ್ಣು ಕಪ್ಪಾಗಿ, ಸಿಪ್ಪೆ ಗಟ್ಟಿಯಾಗಿ, ಒಳಗಿನ ಬೀಜ ಬಿಡಿಸಿಕೊಳ್ಳುತ್ತದೆ. ಅಲ್ಲಿಯತನಕ ಅದನ್ನು ಹಗಲೆಲ್ಲ ಹಲಗೆಯಿಂದ ಎಳೆದು ತಿರುವುತ್ತಿರಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ಬೆಳಿಗ್ಗೆ ಮತ್ತೆ ಹರಡಬೇಕು. ಅಪ್ಪ ಒಂದು ಹಿಡಿ ಕಾಯಿ ತೆಗೆದು ಕಿವಿಯ ಹತ್ತಿರ ಅಲುಗಿಸಿ, ಒಳಗಿನ ಗಲಗಲ ಕೇಳಿ, "ಇನ್ನು ಎರಡು ಬಿಸಿಲು" ಎನ್ನುತ್ತಿದ್ದ. ಎರಡು ಬಿಸಿಲೆಂದರೆ ಎರಡೇ. ಸಾಹುಕಾರರು ಬೇರೆ ತೋಟದವರ ಮುಂದೆ, "ನಮ್ಮ ಚಂದ್ರನ ಕಿವಿ ಇದ್ರೆ ಮಷಿನ್ನೇ ಬೇಡ" ಎಂದು ಹೇಳುತ್ತಿದ್ದುದು ಅಪ್ಪನಿಗೆ ಗೊತ್ತಿತ್ತು. ಅವನ ಬದುಕಿನಲ್ಲಿ ಅವನಿಗೆ ಸಿಕ್ಕ ಒಂದೇ ಒಂದು ಹೊಗಳಿಕೆ ಅದು. ಅದಕ್ಕಾಗಿ ಅವನು ಏನೆಲ್ಲ ಕೊಟ್ಟನೆಂದು ಯೋಚಿಸಿದರೆ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ.

ಚಿಕ್ಕಪ್ಪ ಅಪ್ಪನ ಹಾಗಲ್ಲ. ಅವನಿಗೆ ಕಣದಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಹಾಸನದ ಒಬ್ಬರ ಲಾರಿಯಲ್ಲಿ ಕರಿಮೆಣಸು, ಅಡಿಕೆ ತುಂಬಿಕೊಂಡು ದೆಹಲಿಯತನಕ ಹೋಗಿ, ಇಪ್ಪತ್ತು ಇಪ್ಪತ್ತೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಬಂದಾಗ ನನ್ನ ಸಮಾಜ ಪುಸ್ತಕದ ಭಾರತದ ನಕ್ಷೆಯ ಮೇಲೆ ಬೆರಳಿಟ್ಟು ದಾರಿ ತೋರಿಸುತ್ತಿದ್ದ. ಹುಬ್ಬಳ್ಳಿ, ಸೊಲ್ಲಾಪುರ, ಧುಳೆ, ಇಂದೋರು, ಗ್ವಾಲಿಯರು, ಆಗ್ರಾ. ಅಜ್ಜಿ ಓದು ಬರಹ ತಿಳಿಯದವಳು, ಕಳಸದಿಂದ ಬಣಕಲ್ಲಿಗೆ ಮದುವೆಯಾಗಿ ಬಂದದ್ದೇ ಅವಳು ಮಾಡಿದ ದೊಡ್ಡ ಪ್ರಯಾಣ. ಆದರೂ ಅವಳಿಗೆ ಆ ಊರುಗಳ ಹೆಸರೆಲ್ಲ ಬಾಯಿಗೆ ಬರುತ್ತಿದ್ದವು. ಮಗ ಹೊರಟು ನಾಲ್ಕು ದಿನವಾದರೆ "ಈಗ ಧುಳೆ ದಾಟಿರ್ತಾನೆ" ಎಂದು ರೊಟ್ಟಿ ಮಗುಚುತ್ತಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಉತ್ತರದ ಚಳಿಯ ಬಗ್ಗೆ ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಅಲ್ಲಿ ಮಂಜು ನಮ್ಮ ದೇವರಮನೆ ಗುಡ್ಡದ ಮಂಜಿನ ಹಾಗಲ್ಲ ಅವ್ವ. ಇಲ್ಲಿ ಮಂಜು ಓಡಾಡ್ತದೆ. ಅಲ್ಲಿ ಬಂದು ಕೂತುಬಿಡ್ತದೆ. ಮುಂದಿನ ಗಾಡಿ ಲೈಟು ಕಂಡಾಗ ಗಾಡಿ ಮುಟ್ಟೇ ಆಗಿರ್ತದೆ." ಅಜ್ಜಿ, "ಹಂಗಾದ್ರೆ ಚಳಿ ತಿಂಗಳಲ್ಲಿ ಹೋಗ್ಬೇಡ ಮಾರಾಯ" ಎಂದಳು. ಚಿಕ್ಕಪ್ಪ ನಕ್ಕು, ಅವಳ ಎಲೆಯಡಿಕೆ ಚೀಲದಿಂದ ಒಂದು ಅಡಿಕೆ ಕದ್ದು ಬಾಯಿಗೆ ಹಾಕಿಕೊಂಡ.

ಆ ವರ್ಷ ಸಂಕ್ರಾಂತಿ ಮುಗಿದ ಮೂರನೆಯ ದಿನ ಅವನು ಹೊರಟ. ಆ ಮಾಗಿಯೇ ಸರಿಯಿರಲಿಲ್ಲ. ನಮ್ಮ ಕಡೆ ಹತ್ತು ಗಂಟೆಯಾದರೂ ಇಬ್ಬನಿ ಆರುತ್ತಿರಲಿಲ್ಲ. ಹಣ್ಣು ಕೊಯ್ಯುವ ಹೆಂಗಸರು ಬೆರಳು ಮರಗಟ್ಟಿ, ಒಣ ಎಲೆ ಗುಡಿಸಿ ಬೆಂಕಿ ಹಾಕಿಕೊಂಡು ಕೈ ಕಾಯಿಸಿಕೊಳ್ಳುತ್ತಿದ್ದರು. ದೇವರಮನೆ ಗುಡ್ಡದ ಹುಲ್ಲು ಬೆಳಿಗ್ಗೆ ಬೆಳ್ಳಗೆ ಉಪ್ಪು ಚೆಲ್ಲಿದ ಹಾಗೆ ಇತ್ತೆಂದು ದನ ಮೇಯಿಸುವವರು ಬಂದು ಹೇಳಿದರು. ಅಪ್ಪನ ರೇಡಿಯೋ ದಿನವೂ ಅದನ್ನೇ ಓದುತ್ತಿತ್ತು. ಕಾಶ್ಮೀರದ ರಸ್ತೆಗಳು ಹಿಮದಲ್ಲಿ ಮುಚ್ಚಿವೆ, ಪಂಜಾಬು ದೆಹಲಿಗಳಲ್ಲಿ ಶೀತಗಾಳಿ, ಬಯಲಲ್ಲಿ ಮಲಗಿದವರು ಸತ್ತರು, ರೈಲುಗಳು ಅರ್ಧ ದಿನ ತಡ, ರಾಜಸ್ಥಾನದಲ್ಲಿ ಹೊಲದ ನೀರು ಹೆಪ್ಪುಗಟ್ಟಿತು. ಆಮೇಲೆ ಒಂದು ದಿನ, ತಮಿಳುನಾಡಿನ ಆಚೆ ಸಮುದ್ರದಲ್ಲಿ ವಾಯುಭಾರ ಕುಸಿದಿದೆ, ಕರ್ನಾಟಕದ ಒಳನಾಡಿನಲ್ಲೂ ಮಳೆಯಾಗಬಹುದು ಎಂದಿತು. ಅಪ್ಪ ರೇಡಿಯೋದ ಮುಂದೆ ಉಣ್ಣುತ್ತಿದ್ದ ಕೈ ನಿಲ್ಲಿಸಿದ. ನನಗೆ ಇದೆಲ್ಲ ನಕ್ಷೆಯ ಆಟ. ಚಿಕ್ಕಪ್ಪ ಇವತ್ತು ಯಾವ ಚಳಿಯಲ್ಲಿ ಇರಬಹುದೆಂದು ಬೆರಳಿಟ್ಟು ನೋಡುವುದು. ಅಪ್ಪನಿಗೆ ಮಾತ್ರ ಕಣದ ತುಂಬ ಅರೆ ಒಣಗಿದ ಹಣ್ಣಿತ್ತು. ಇನ್ನೂ ಆರು ಬಿಸಿಲು ಬೇಕಿತ್ತು.

ಅದು ಭಾನುವಾರ. ಆಳುಗಳಿಗೆ ರಜೆ. ಲೈನಿನ ಹೆಚ್ಚಿನವರು ಮೂಡಿಗೆರೆ ಕಡೆ ಒಂದು ಮದುವೆಗೆ ಹೋಗಿದ್ದರು. ಕಣದಲ್ಲಿ ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯ ಇಬ್ಬರು ಮತ್ತು ನಾನು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಸಾಹುಕಾರರ ಜೀಪು ಬಂತು. ಅವರು ಇಳಿದು ಅಪ್ಪನನ್ನು ನೀರಿನ ತೊಟ್ಟಿಯ ಹತ್ತಿರ ಕರೆದು ಏನೋ ಹೇಳಿದರು. ಅಪ್ಪ ತಲೆಗೆ ಸುತ್ತಿದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿಸಿಕೊಂಡ. ಆಗ ನನಗೆ ಕೇಳಿಸಲಿಲ್ಲ. ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಗ್ರಾದ ಈಚೆಗೆ ಮಂಜಿನಲ್ಲಿ ಚಿಕ್ಕಪ್ಪನ ಲಾರಿ, ಕೆಟ್ಟು ನಿಂತಿದ್ದ ಇನ್ನೊಂದು ಲಾರಿಗೆ ಗುದ್ದಿತ್ತು. ಅವನು ಆಸ್ಪತ್ರೆಯಲ್ಲಿದ್ದ. ಎದೆಗೆ ಪೆಟ್ಟಾಗಿತ್ತು, ಆದರೆ ಮಾತಾಡುತ್ತಿದ್ದ. ಅವ್ವನ ಹತ್ತಿರ ಮಾತಾಡಬೇಕೆಂದು ಹಟ ಮಾಡುತ್ತಿದ್ದಾನೆ, ಮಧ್ಯಾಹ್ನ ಎರಡು ಗಂಟೆಗೆ ಬಂಗಲೆಗೆ ಫೋನು ಮಾಡಿಸುತ್ತೇವೆ, ಅವರನ್ನು ಕರೆಸಿಡಿ ಎಂದು ಲಾರಿ ಮಾಲೀಕರು ಹಾಸನದಿಂದ ಹೇಳಿದ್ದರು. ಸಾಹುಕಾರರು ಅದನ್ನು ಒಂದಕ್ಷರ ಬಿಡದೆ ಅಪ್ಪನಿಗೆ ತಲುಪಿಸಿದರು. "ಹೆದರೋದು ಬೇಡ, ಮಾತಾಡ್ತಿದಾನಲ್ಲ. ಎರಡು ಗಂಟೆಗೆ ನಿಮ್ಮವ್ವನ ಕಳಿಸು" ಎಂದರು. ಹೋಗುವಾಗ ಆಕಾಶ ನೋಡಿ, "ಕಣ ನೋಡ್ಕೋ ಚಂದ್ರ" ಎಂದರು. ಅವರನ್ನು ದೂರಲು ನನಗೆ ಇವತ್ತಿಗೂ ಏನೂ ಸಿಕ್ಕಿಲ್ಲ. ಸಿಕ್ಕಿದ್ದರೆ ನಮಗೆಲ್ಲ ಎಷ್ಟೋ ಹಗುರವಾಗುತ್ತಿತ್ತು.

ಅಪ್ಪ ಟವೆಲ್ ಮತ್ತೆ ತಲೆಗೆ ಸುತ್ತಿಕೊಂಡು ಬಂದು ಹಲಗೆ ಹಿಡಿದ. ಯಾರಿಗೂ ಏನೂ ಹೇಳಲಿಲ್ಲ. ಅಜ್ಜಿ ಅವತ್ತು ಖುಷಿಯಲ್ಲಿದ್ದಳು. "ಇವತ್ತಿಗೆ ದಿಲ್ಲಿ ಮುಟ್ಟಿರ್ತಾನೆ" ಎಂದು ಅಮ್ಮನಿಗೆ ಹೇಳಿದಳು. ಅಪ್ಪ ನಮ್ಮ ಕಡೆಗೆ ಬೆನ್ನು ಹಾಕಿಕೊಂಡು ಕಾಫಿ ಎಳೆಯುತ್ತಿದ್ದ. ಒಂದೂವರೆಗೆ ನಾವು ಕಣದ ಅಂಚಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಅಪ್ಪ ಉಣ್ಣದೆ ಕೂತಿದ್ದವನು, ಅಜ್ಜಿಯ ಮುಖ ನೋಡದೆ, "ಅವ್ವ, ಉಮೇಶ ಎರಡು ಗಂಟೆಗೆ ಬಂಗ್ಲೆಗೆ ಫೋನ್ ಮಾಡ್ತಾನಂತೆ. ನೀನು ಹೋಗಿ ಮಾತಾಡಿ ಬಾ" ಎಂದ. ಅಜ್ಜಿಗೆ ಆಶ್ಚರ್ಯ. "ಯಾಕಂತೆ? ಯಾವತ್ತೂ ಇಲ್ಲದ್ದು?"

"ಸುಮ್ನೆ. ಮಾತಾಡ್ಬೇಕಂತೆ."

ಅಜ್ಜಿ ಕೈ ತೊಳೆದು ಏಳುವ ಹೊತ್ತಿಗೆ ದೇವರಮನೆ ಗುಡ್ಡದ ಹಿಂದಿನಿಂದ ಮೋಡ ಎದ್ದಿತ್ತು. ಜೂನಿನಲ್ಲಿ ಏಳುವಂಥ ಮೋಡ. ನೋಡನೋಡುತ್ತ ಬಿಸಿಲು ಕಂದಿತು, ಕಣದ ಮೇಲೆ ನೆರಳು ಓಡಿಬಂತು, ಸಿಲ್ವರ್ ಮರದ ಎಲೆಗಳು ಬೆನ್ನು ಮಗುಚಿ ಬೆಳ್ಳಗಾದವು. ಅಷ್ಟೂ ಕಾಫಿ ಬಯಲಲ್ಲಿ ಹರಡಿತ್ತು. ಅದನ್ನು ಎಳೆದು ಗುಡ್ಡೆ ಹಾಕಲು ಇದ್ದದ್ದು ಐದು ಜನ. ಅಜ್ಜಿಯ ಹಾಗೆ ಹಲಗೆ ಎಳೆಯುವವರು ಆ ತೋಟದಲ್ಲೇ ಇರಲಿಲ್ಲ. ಬಾಗಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ, ಒಂದು ಕಾಯಿ ಚೆಲ್ಲದ ಹಾಗೆ ಎರಡಾಳಿನ ಕೆಲಸ ಅವಳೊಬ್ಬಳೇ ಮಾಡುತ್ತಿದ್ದಳು. ಅವಳು ಆಕಾಶ ನೋಡಿದಳು, ಕಣ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾನು ಹೋದ್ರೆ ಇದು ಆಗಾಕಿಲ್ಲ ಚಂದ್ರ. ಅವನು ನಾಳೆ ಮಾಡ್ಲಿ ಫೋನು. ಕಾಫಿ ನೆಂದ್ರೆ ಮತ್ತೆ ಬರ್ತದಾ?"

ಆಗ ನಾನು ಅಪ್ಪನ ಮುಖ ನೋಡಿದೆ. ಅವನ ಬಾಯಿ ತೆರೆಯಿತು. ಅವನು ಒಮ್ಮೆ ಮೋಡದ ಕಡೆ ತಿರುಗಿ ನೋಡಿದ. ಬಾಯಿ ಮುಚ್ಚಿತು. ಮತ್ತೆ ಅವನು ಹೇಳಿದ್ದು ನನಗೆ. "ಸುಮಿ, ನೀನು ಓಡಿಹೋಗು. ಅಜ್ಜಿ ಸಂಜೆ ಮಾತಾಡ್ತಾಳಂತೆ, ಸಂಜೆ ಮಾಡು ಅಂತ ಹೇಳು ಚಿಕ್ಕಪ್ಪಂಗೆ." ಒಂದು ಮಾತು. ಪೆಟ್ಟಾಗಿದೆ ಎಂಬ ಒಂದೇ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಅಜ್ಜಿ ಹಲಗೆ ಎಸೆದು ಬರಿಗಾಲಲ್ಲಿ ಬಂಗಲೆಗೆ ಓಡುತ್ತಿದ್ದಳು. ಕಣದ ಅಷ್ಟೂ ಕಾಫಿ ಕೊಚ್ಚಿಕೊಂಡು ಹೋದರೂ ತಿರುಗಿ ನೋಡುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಹೇಳಲಿಲ್ಲವೋ, ಮುದುಕಿ ಗಾಬರಿಯಾಗಬಾರದೆಂದು ಹೇಳಲಿಲ್ಲವೋ, ನಾನು ಎಷ್ಟೋ ವರ್ಷ ಇದನ್ನು ಹೊರಳಿಸಿ ಹೊರಳಿಸಿ ನೋಡಿದ್ದೇನೆ. ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ.

ನಾನು ಗಿಡಗಳ ನಡುವಿನ ಒಳದಾರಿಯಲ್ಲಿ ಓಡಿದೆ. ಬಂಗಲೆಯ ಫೋನು ಊಟದ ಕೋಣೆಯ ಪಕ್ಕದ ಸಣ್ಣ ಮೇಜಿನ ಮೇಲಿತ್ತು. ಅಡುಗೆಯ ಸರೋಜಕ್ಕ ನನ್ನನ್ನು ನೋಡಿ "ನಿಮ್ಮಜ್ಜಿ ಎಲ್ಲೇ?" ಎಂದು ಕೇಳುವಷ್ಟರಲ್ಲೇ ಗಂಟೆ ಹೊಡೆಯಿತು. ಅವಳೇ ಎತ್ತಿ ನನ್ನ ಕಿವಿಗೆ ಇಟ್ಟಳು. ಫೋನಿನಲ್ಲಿ ಮಾತಾಡಿದ್ದು ನನಗೆ ಅದೇ ಮೊದಲು. ದೂರದಲ್ಲಿ ಗಾಳಿ ಬೀಸಿದ ಹಾಗೆ ಸದ್ದು, ಯಾರೋ ಹಿಂದಿಯಲ್ಲಿ ಕೂಗುತ್ತಿದ್ದರು, ಅದರ ನಡುವೆ ಚಿಕ್ಕಪ್ಪನ ದನಿ. ಅವನದ್ದೇ, ಆದರೆ ಮೆಟ್ಟಿಲು ಹತ್ತಿ ಬಂದವನ ದನಿಯ ಹಾಗೆ ಸಣ್ಣದಾಗಿ ತುಂಡು ತುಂಡಾಗಿತ್ತು.

"ಅವ್ವ?"

"ನಾನು ಸುಮಿ, ಚಿಕ್ಕಪ್ಪ."

"ಸುಮಿನಾ? ಅವ್ವ ಎಲ್ಲಿ?"

"ಕಣದಲ್ಲಿದಾಳೆ. ಮೋಡ ಆಗಿದೆ. ಸಂಜೆ ಮಾತಾಡ್ತಾಳಂತೆ, ಸಂಜೆ ಮಾಡ್ಬೇಕಂತೆ."

"ಮಾಗೀಲಿ ಮೋಡವಾ?" ಎಂದ. ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ. "ಕಾಫಿ ಹರಡಿದೆಯಾ?"

"ಹೂಂ, ಪೂರಾ."

"ಹಂಗಾದ್ರೆ ನೀನ್ಯಾಕೆ ಇಲ್ಲಿ ನಿಂತಿದೀಯ ಮಾರಾಯ್ತಿ? ಹೋಗು. ನೀನೂ ಒಂದು ಕೈ ಹಾಕು ಹೋಗು."

ಅಷ್ಟೇ. ನಾನು ಫೋನನ್ನು ಸರೋಜಕ್ಕನ ಕೈಗೆ ಕೊಟ್ಟು ಓಡಿದೆ. ಫೋನಿನಲ್ಲಿ ಮಾತಾಡಿದ ಹಿಗ್ಗು ಬೇರೆ. ಕಣಕ್ಕೆ ಬಂದು ಏದುಸಿರು ಬಿಡುತ್ತಾ "ಮಾತಾಡಿದೆ" ಎಂದು ಕೂಗಿದೆ. ಅಜ್ಜಿ ಬಾಗಿದಲ್ಲಿಂದಲೇ "ಏನಂದ?" ಎಂದಳು. "ನಂಗೂ ಕೆಲಸ ಮಾಡು ಅಂದ" ಎಂದೆ. ಅವಳು ನಕ್ಕಳು. ಅಪ್ಪ ನಗಲಿಲ್ಲ. ಅವನು ಟಾರ್ಪಾಲಿನ ಹಗ್ಗ ಬಿಗಿಯುತ್ತಿದ್ದ, ಬಿಗಿದ ಗಂಟನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದ. ಮೂರೂವರೆಗೆ ಮಳೆ ಬಂತು. ಕೊನೆಯ ಗುಡ್ಡೆಗೆ ಹೊದಿಸಿ ನಾಲ್ಕು ಮೂಲೆಗೂ ಕಲ್ಲಿಟ್ಟು ಮುಗಿದಿತ್ತು. ಒಂದು ಬೊಗಸೆ ಕಾಫಿಯೂ ನೆನೆಯಲಿಲ್ಲ. ನಾವು ಒದ್ದೆಯಾಗಿ ಕಣದ ಮಾಡಿನ ಕೆಳಗೆ ನಿಂತು ನಗುತ್ತಿದ್ದೆವು. ಕಂಬಕ್ಕೆ ಒರಗಿದ ಅಜ್ಜಿಯ ಕೂದಲಿಂದ ನೀರು ಇಳಿಯುತ್ತಿತ್ತು. "ನೋಡಿದ್ಯೇನ, ನಾನು ಹೋಗಿದ್ರೆ?" ಎಂದು ಅವಳು ಅಪ್ಪನನ್ನು ಕೇಳಿದಳು. ಜೀಪಿನಲ್ಲಿ ಬಂದ ಸಾಹುಕಾರರು ಕೆಳಗಿಳಿಯದೆಯೇ "ಶಹಬ್ಬಾಸ್ ಚಂದ್ರ" ಎಂದು ಕೂಗಿ ಹೋದರು. ನಮ್ಮ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು ಅದೇ ಕೊನೆ ಎಂದು ಈಗ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಸಂಜೆ ಆರಕ್ಕೆ ಅಜ್ಜಿ ಒಣ ಸೀರೆ ಉಟ್ಟು, ತಲೆ ಬಾಚಿ, ನನ್ನ ಕೈ ಹಿಡಿದುಕೊಂಡು ಬಂಗಲೆಗೆ ಹೊರಟಳು. ಮಗನಿಗೆ ಹೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ನನಗೆ ಹೇಳುತ್ತಿದ್ದಳು. ಬರುವಾಗ ಒಂದು ದಪ್ಪ ಕಂಬಳಿ ತರಬೇಕು, ಲಾರಿಯಲ್ಲೇ ಮಲಗಬಾರದು, ಮಂಜು ಕೂತರೆ ಗಾಡಿ ನಿಲ್ಲಿಸಿಬಿಡಬೇಕು. ಸಾಹುಕಾರರು ಬಾಗಿಲಲ್ಲೇ ನಿಂತಿದ್ದರು. ಅವರ ಹಿಂದೆ ಸರೋಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಐದು ಗಂಟೆಗೆ ಹೋದನಂತೆ. ಒಳಗೆ ರಕ್ತ ಸೋರಿತ್ತಂತೆ. ಅಜ್ಜಿ, "ಯಾರು?" ಎಂದು ಕೇಳಿದಳು. ಮತ್ತೊಮ್ಮೆ ಕೇಳಿದಳು. ಆಮೇಲೆ ಬಂಗಲೆಯ ಮೆಟ್ಟಿಲ ಮೇಲೆ ಮೆಲ್ಲಗೆ ಕೂತಳು, ಯಾರೋ ಕೂರು ಎಂದು ಹೇಳಿದ ಹಾಗೆ.

ಅಪ್ಪ ಮಾರನೆಯ ಬೆಳಿಗ್ಗೆಯೇ ಮಳೆಯಲ್ಲಿ ಬಸ್ಸು ಹತ್ತಿ ಕಡೂರಿಗೆ ಹೋಗಿ ರೈಲು ಹಿಡಿದ. ಹಾಸನ ದಾಟಿ ಎಲ್ಲೂ ಹೋಗದಿದ್ದವನು. ರೈಲು ಉತ್ತರಕ್ಕೆ ಹೋದಷ್ಟೂ ನಿಧಾನವಾಯಿತಂತೆ. ಒಂದು ಕಡೆ ಗೋಧಿ ಹೊಲದ ನಡುವೆ ಹದಿನಾಲ್ಕು ಗಂಟೆ ನಿಂತೇ ಇತ್ತಂತೆ. ಬಾಗಿಲಿಗೆ ಬಂದು ನೋಡಿದರೆ ತನ್ನ ಕೈಯೇ ಕಾಣಿಸುತ್ತಿರಲಿಲ್ಲವಂತೆ. ಅವನು ತಲುಪುವ ಹೊತ್ತಿಗೆ ಹಾಸನದ ಮಾಲೀಕರ ಪರಿಚಯದವರು ಎಲ್ಲ ಮುಗಿಸಿದ್ದರು. ಅಸ್ಥಿಯ ಒಂದು ಮಡಕೆ, ಒಂದು ಸ್ವೆಟರು, ಒಂದು ಜೊತೆ ಚಪ್ಪಲಿ ಅವನ ಕೈಗೆ ಸಿಕ್ಕವು. ಇತ್ತ ಮಳೆ ಇನ್ನೂ ಮೂರು ದಿನ ಬಿಡಲಿಲ್ಲ. ಟಾರ್ಪಾಲು ತೆಗೆಯುವ ಹಾಗಿರಲಿಲ್ಲ. ತೆಗೆಯದೆ ಇಟ್ಟರೆ ಗುಡ್ಡೆ ಒಳಗೊಳಗೇ ಬಿಸಿಯಾಗುತ್ತದೆ. ನಾಲ್ಕನೆಯ ದಿನ ತೆಗೆದಾಗ ಹೊಗೆಯಂಥ ಹಬೆ ಎದ್ದು, ಲೈನಿನ ಎಂಟೂ ಮನೆಗಳಲ್ಲಿ ಅನ್ನ ಗಂಟಲಲ್ಲಿ ಇಳಿಯದಂಥ ವಾಸನೆ ಹಬ್ಬಿತು. ಅಷ್ಟೂ ಕಾಫಿ ಬೂಷ್ಟು ಹಿಡಿದಿತ್ತು. ಅದನ್ನು ಗೊಬ್ಬರದ ಗುಂಡಿಗೆ ಹೊತ್ತು ಹಾಕುವುದನ್ನು ಅಜ್ಜಿ ಜಗಲಿಯಲ್ಲಿ ಕೂತು ನೋಡಿದಳು. ಒಂದು ಬುಟ್ಟಿಯನ್ನೂ ಬಿಡದೆ, ಸಂಜೆಯತನಕ ನೋಡಿದಳು.

ಆ ವಾರವೇ ಸರೋಜಕ್ಕ ಮಾತಾಡಿಸಲು ಬಂದಳು. ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಅಜ್ಜಿಯ ಕೈ ಹಿಡಿದು ಅಳುತ್ತಾ, "ಬೆಳಿಗ್ಗೆ ಫೋನ್ ಬಂದಾಗ್ಲೇ ನಂಗೆ ಎದೆ ಹೊಡ್ಕೊಂಡಿತ್ತು ಪುಟ್ಟಮ್ಮ. ಎದೆಗೆ ಪೆಟ್ಟು ಅಂದ್ರು. ಚಂದ್ರಣ್ಣಂಗೆ ಹೇಳಿ ಬನ್ನಿ ಅಂತ ಸಾವ್ಕಾರ್ರನ್ನ ನಾನೇ ಕಳಿಸ್ದೆ" ಎಂದಳು. ಅಜ್ಜಿಯ ಅಳು ನಿಂತಿತು. ಅಮ್ಮ ಅಡುಗೆ ಮೂಲೆಯಲ್ಲಿ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಳು. ಆ ಹೊತ್ತಿನಿಂದ ಅಪ್ಪ ಬರುವತನಕ, ಐದು ದಿನ, ಅಜ್ಜಿ ಯಾರ ಹತ್ತಿರವೂ ಮಾತಾಡಲಿಲ್ಲ.

ಅಪ್ಪ ಬಂದ ದಿನ ತೋಟದಲ್ಲಿ ಹೂ ಅರಳಿತ್ತು. ಕಾಫಿ ಗಿಡಕ್ಕೆ ಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ಹೂ ಬರುತ್ತದೆ. ಮಾರ್ಚಿನಲ್ಲಿ ಬರಬೇಕಾದ್ದು ಅದು. ಆ ವರ್ಷ ಕೊಯ್ಯದೆ ಉಳಿದ ಕೆಂಪು ಹಣ್ಣಿನ ಪಕ್ಕದಲ್ಲೇ, ಅದೇ ಗೆಲ್ಲಿನಲ್ಲಿ ಬೆಳ್ಳಗೆ ಹೂ ಬಿರಿದಿತ್ತು. ಹಣ್ಣು ಕೀಳಹೋದರೆ ಹೂ ಉದುರುತ್ತದೆ, ಹೂ ಉಳಿಸಹೋದರೆ ಹಣ್ಣು ಕೊಳೆಯುತ್ತದೆ. ಮಲ್ಲಿಗೆಯಂಥ ಪರಿಮಳ ಬೆಟ್ಟಬೆಟ್ಟವನ್ನೇ ತುಂಬಿತ್ತು. ಕಾಫಿ ಹೂವಿನ ಪರಿಮಳವನ್ನು ಹೊಗಳುವವರನ್ನು ಕಂಡರೆ ನನಗೆ ಈಗಲೂ ಎದ್ದು ಹೋಗಬೇಕೆನಿಸುತ್ತದೆ. ಆ ಪರಿಮಳದ ನಡುವೆ ಅಪ್ಪ ಒಂದು ಬಟ್ಟೆ ಚೀಲ ಹಿಡಿದುಕೊಂಡು ನಡೆದು ಬಂದ. ಗಡ್ಡ ಬಂದಿತ್ತು, ತುಟಿ ಒಡೆದು ರಕ್ತ ಒಣಗಿತ್ತು. ಜಗಲಿಯ ಮೇಲಿದ್ದ ಅಜ್ಜಿ ಚೀಲವನ್ನು ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು.

"ಬೆಳಿಗ್ಗೆನೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅವ್ವ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅಪ್ಪ ಸುಳ್ಳು ಹೇಳಬಹುದಿತ್ತು. "ನೀನು ಹೆದರ್ತೀಯ ಅಂತ" ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಅಜ್ಜಿ ಒಂದು ದಿನ ಕ್ಷಮಿಸುತ್ತಿದ್ದಳೋ ಏನೋ. ಅವನು ತಲೆ ತಗ್ಗಿಸಿ ಇನ್ನೂ ಒಂದು ಮಾತು ಸೇರಿಸಿದ. "ಮೋಡ ಇತ್ತು."

"ಮೋಡ ಇತ್ತು" ಎಂದಳು ಅಜ್ಜಿ. ಎದ್ದು ಒಳಗೆ ಹೋದಳು. ಅಪ್ಪನಿಗೆ ಅವಳು ನೇರವಾಗಿ ಆಡಿದ ಕೊನೆಯ ಮಾತು ಅದು.

ತಿಥಿ ಮುಗಿದ ಮೇಲೆ ಅಜ್ಜಿ ಕಳಸದಲ್ಲಿದ್ದ ಅತ್ತೆಯ ಮನೆಗೆ, ಅಂದರೆ ತನ್ನ ಮಗಳ ಮನೆಗೆ ಹೊರಟುಹೋದಳು. ಹೊರಡುವಾಗ ಅಮ್ಮನ ಕೆನ್ನೆ ಸವರಿದಳು, ನನ್ನನ್ನು ತಬ್ಬಿಕೊಂಡಳು. ಬಸ್ಸಿನತನಕ ಗಂಟು ಹೊತ್ತು ಬಂದ ಅಪ್ಪನ ಕೈಯಿಂದ ಗಂಟು ತೆಗೆದುಕೊಂಡಳು, ಮುಖ ನೋಡಲಿಲ್ಲ. ಅವಳು ಹೋದ ಮೇಲೆ ನಮ್ಮ ಮನೆ ಬರೀ ಎರಡು ಕೋಣೆಯಾಯಿತು. ಅಮ್ಮನಿಗೆ ಅಕ್ಕಿರೊಟ್ಟಿ ಅಷ್ಟು ತೆಳ್ಳಗೆ ಬರುತ್ತಿರಲಿಲ್ಲ. ಅಪ್ಪ ರೇಡಿಯೋ ಹಾಕುವುದನ್ನು ಬಿಟ್ಟ. ಕಣದ ಕೆಲಸ ಮಾತ್ರ ಬಿಡಲಿಲ್ಲ. ಇನ್ನೂ ಹದಿನಾರು ವರ್ಷ ಅದೇ ಕಣದಲ್ಲಿ ಕಾಫಿ ಎಳೆದ. ಬಿಟ್ಟಿದ್ದರೆ ಅವ್ವನ ಮುಂದೆ ಹೋಗಿ ನಿಲ್ಲಲು ಒಂದು ದಾರಿಯಾಗುತ್ತಿತ್ತು ಎಂದು ಅಮ್ಮ ಒಮ್ಮೆ ಸಿಟ್ಟಿನಲ್ಲಿ ಹೇಳಿದಳು. "ಬಿಟ್ಟು ಎಂತ ಮಾಡ್ಲಿ? ನಂಗೆ ಬೇರೆ ಎಂತ ಬರ್ತದೆ?" ಎಂದ ಅವನು. ಸಾಹುಕಾರರ ಮಗ ತೋಟ ಮಾರಿದ ಮೇಲೆ ನಾವು ಮೂಡಿಗೆರೆಗೆ ಬಂದೆವು. ಅಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟೆ. ಲೈನು ಈಗಿಲ್ಲ. ಹೊಸಬರು ಅಲ್ಲಿ ಹೋಂ ಸ್ಟೇ ಮಾಡಿದ್ದಾರೆ. ಕಿಟಕಿ ಪರದೆ ಹೊಲಿಯಲು ಅಳತೆ ತೆಗೆಯಲೆಂದು ಒಂದು ಸಲ ಹೋಗಿದ್ದೆ. ಕಣದ ಜಾಗದಲ್ಲಿ ಕಾರುಗಳು ನಿಂತಿದ್ದವು. ನಮ್ಮ ಮನೆ ಎಲ್ಲಿತ್ತೆಂದು ಹುಡುಕಿದೆ, ಕೆಮ್ಮಣ್ಣಿನ ಒಂದು ಚೂರೂ ಸಿಗಲಿಲ್ಲ.

ಅಜ್ಜಿ ಕಳಸದಲ್ಲಿ ಏಳು ವರ್ಷ ಬದುಕಿದ್ದಳು. ಪ್ರತಿ ಬೇಸಿಗೆ ರಜೆಯಲ್ಲಿ ನಾನು ಹೋಗುತ್ತಿದ್ದೆ. ಪ್ರತಿ ಸಲವೂ, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ, ಅವಳು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದಳು. "ಅವನು ಬೇರೆ ಏನಂದ ಸುಮಿ?" ಅವಳಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಮೊದಲ ವರ್ಷ, ಅಜ್ಜಿ ರೊಟ್ಟಿ ನೆನಪಾಗ್ತದೆ ಅಂದ ಎಂದೆ. ಮುಂದಿನ ವರ್ಷ, ಬರುವಾಗ ಕಂಬಳಿ ತರ್ತೀನಿ ಅಂದ ಎಂದೆ. ವರ್ಷ ಕಳೆದ ಹಾಗೆ ಚಿಕ್ಕಪ್ಪ ಫೋನಿನಲ್ಲಿ ತುಂಬ ಮಾತಾಡುತ್ತಾ ಹೋದ. ಅವ್ವನ್ನ ಚೆನ್ನಾಗಿ ನೋಡ್ಕೊಳ್ಳಿ ಅಂದ, ನೋವೇನೂ ಇಲ್ಲ ಅಂದ, ಇಲ್ಲಿ ಬಿಸಿಲು ಬಂದಿದೆ ಅಂದ. ಅಜ್ಜಿ ತಲೆಯಾಡಿಸುತ್ತಾ ಕೇಳುತ್ತಿದ್ದಳು. ಕೊನೆಯ ಸಲ ಹೋದಾಗ ನನಗೆ ಹದಿನೆಂಟು. ಅವಳು ಹಾಸಿಗೆ ಹಿಡಿದಿದ್ದಳು. ನಾನು ಏನೋ ಹೊಸದನ್ನು ಸೇರಿಸಿ ಹೇಳಿ ಮುಗಿಸಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಾ ಮೆಲ್ಲಗೆ ಹೇಳಿದಳು, "ಅಷ್ಟೆಲ್ಲ ಮಾತಾಡೋನಲ್ಲ ಅವನು." ಮತ್ತೆ, "ಇರ್ಲಿ. ನೀನು ಹೇಳ್ತಿರು" ಎಂದಳು.

ಅಪ್ಪ ಮಾತ್ರ ಒಮ್ಮೆಯೂ ಕೇಳಲಿಲ್ಲ. ಒಂದೇ ಅಂಗಡಿಯಲ್ಲಿ ನಾನು ಮಷಿನ್ ತುಳಿಯುತ್ತಾ, ಅವನು ಗುಂಡಿ ಹಚ್ಚುತ್ತಾ ಎಷ್ಟೋ ವರ್ಷ ಎದುರುಬದುರು ಕೂತಿದ್ದೆವು. ತಮ್ಮ ಏನಂದನೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ, ಉಮೇಶನೂ ನಿನ್ನ ಹಾಗೆ ಕಾಫಿಯನ್ನೇ ಕೇಳಿದ ಎಂದು ತಿಳಿದು ಅವನ ಎದೆ ಸ್ವಲ್ಪ ಹಗುರಾಗುತ್ತಿತ್ತೇನೋ. ಅಥವಾ ಪೂರ್ತಿ ಒಡೆದುಹೋಗುತ್ತಿತ್ತೇನೋ. ಅವನು ಹಗುರಾಗುವುದು ನನಗೇ ಬೇಡವಾಗಿತ್ತೇ ಎಂದು ಕೆಲವು ಸಲ ಅನಿಸುತ್ತದೆ. ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ನಿಮ್ಮ ಮನೆಗಳಲ್ಲೂ ಹೀಗೆ ಹೇಳದೆ ಉಳಿಸಿಕೊಂಡದ್ದು ಏನಾದರೂ ಇರಬಹುದು. ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಅಮ್ಮ ಅದಕ್ಕಿಂತ ಮೊದಲೇ ಹೋಗಿದ್ದಳು. ಆ ಮಧ್ಯಾಹ್ನ ಚಿಕ್ಕಪ್ಪ ಆಡಿದ ನಾಲ್ಕು ಮಾತು ಒಂದಕ್ಷರವೂ ಅಳಿಸದೆ ಈಗಲೂ ನನ್ನಲ್ಲಿವೆ. ಏನಂದ ಎಂದು ಕೇಳುವವರು ಈಗ ಯಾರೂ ಇಲ್ಲ.